ಜನವರಿಯಲ್ಲಿ ಫ್ರಾನ್ಸಿನ ಹಳ್ಳಿ: ಮೋಟರ್‌ಹೋಂ ರಾತ್ರಿ ಎಲ್ಲಿ ನಿಲ್ಲಿಸೋದು?

ಪ್ರಶ್ನೆ: ಜನವರಿಯಲ್ಲಿ ಮೋಟರ್‌ಹೋಂ (ಹಾಸಿಗೆ, ಅಡುಗೆಮನೆ ಎಲ್ಲ ಇರೋ ಗಾಡಿ) ಬಾಡಿಗೆಗೆ ತಗೊಂಡು ಎರಡು ವಾರ ಫ್ರಾನ್ಸಿನ ಹಳ್ಳಿಗಳನ್ನು ಸುತ್ತಬೇಕು ಅಂತಿದ್ದೇವೆ. ಆಗ ಕ್ಯಾಂಪ್‌ಸೈಟ್‌ಗಳೆಲ್ಲ ಮುಚ್ಚಿರುತ್ತವಂತೆ. ಹಾಗಾದರೆ ರಾತ್ರಿ ಎಲ್ಲಿ ತಂಗೋದು?

ಉತ್ತರ: ಮುಚ್ಚಿರುವುದು ನಿಜ. ಹಳ್ಳಿ ಕಡೆಯ ಎಷ್ಟೋ ಕ್ಯಾಂಪ್‌ಸೈಟ್‌ಗಳು ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಏಪ್ರಿಲ್ ಹೊತ್ತಿಗೆ. ಆದರೂ ಜಾಗ ಸಿಕ್ಕೇ ಸಿಗುತ್ತದೆ. ನಿಮಗೆ ತಲೆನೋವಾಗುವುದು ನೀರು.

ಜಾಗದ ವಿಷಯ ಬೇಗ ಮುಗಿಸುತ್ತೇನೆ. ಫ್ರಾನ್ಸಿನ ಸಾವಿರಾರು ಊರುಗಳು ಮೋಟರ್‌ಹೋಂಗಳಿಗೆಂದೇ ಜಾಗ ಬಿಟ್ಟಿವೆ. ಅದಕ್ಕೆ ‘ಏರ್’ ಅನ್ನುತ್ತಾರೆ. ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ಒಂದಿಷ್ಟು ಯೂರೊ. ಹೆದ್ದಾರಿ ಬದಿಯ ವಿಶ್ರಾಂತಿ ತಾಣಕ್ಕೂ ಇದೇ ಹೆಸರು. ಅಲ್ಲಿ ಮಾತ್ರ ಮಲಗಬೇಡಿ, ಕಳ್ಳರ ಕಾಟ. 1993ರಲ್ಲಿ ಶುರುವಾದ ‘ಫ್ರಾನ್ಸ್ ಪಾಸಿಯೋಂ’ ಅನ್ನೋ ವ್ಯವಸ್ಥೆಯೂ ಇದೆ. ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಿದರೆ ರೈತರ, ದ್ರಾಕ್ಷಿ ಬೆಳೆಗಾರರ ಅಂಗಳದಲ್ಲಿ ಒಂದು ರಾತ್ರಿ ಉಚಿತವಾಗಿ ನಿಲ್ಲಬಹುದು. ಏನಾದರೂ ಕೊಳ್ಳಲೇಬೇಕೆಂಬ ನಿಯಮವಿಲ್ಲ. ಆದರೆ ಬಂದ ಕೂಡಲೇ ಮಾತಾಡಿಸಿ ಒಂದು ನಮಸ್ಕಾರ ಹೇಳಿ, ಅಷ್ಟೂ ಮಾಡದಿದ್ದರೆ ಚೆನ್ನಾಗಿರಲ್ಲ ಅಲ್ವಾ? ಇನ್ನೊಂದು ಮಾತು: ಚಳಿಗಾಲದ ಮಳೆಗೆ ದೊರ್ದೋನ್‌ನಂಥ ನದಿಗಳು ಉಕ್ಕುತ್ತವೆ. ದಂಡೆಯ ಜಾಗ ಎಷ್ಟೇ ಚಂದ ಕಂಡರೂ ಮೇಲೆ ಎಲ್ಲಾದರೂ ನಿಲ್ಲಿಸಿ.

ಈಗ ನೀರು. ಏರ್‌ನಲ್ಲಿ ನೀರು ತುಂಬಿಸಿಕೊಳ್ಳಲು, ಕೊಳೆ ನೀರು ಸುರಿಯಲು ಒಂದು ಕಂಬದಂಥ ಯಂತ್ರ ಇರುತ್ತದೆ. ಪೈಪು ಹೆಪ್ಪುಗಟ್ಟಿ ಒಡೆಯಬಾರದೆಂದು ಚಳಿ ಶುರುವಾದ ಮೇಲೆ ಎಷ್ಟೋ ಊರುಗಳು ಇದನ್ನು ಬಂದ್ ಮಾಡುತ್ತವೆ. ಕೈಯಲ್ಲಿ ಪೈಪು ಹಿಡಿದು ಇಳಿದರೆ ನಲ್ಲಿಯ ಮೇಲೊಂದು ಚೀಟಿ ಅಂಟಿಸಿರುತ್ತದೆ. ಸ್ಮಶಾನಗಳಲ್ಲಿ ಹೂಕುಂಡಕ್ಕೆ ಹಾಕಲು ನಲ್ಲಿ ಇರುತ್ತದೆ ಅಂತ ಹಳಬರು ಗುಟ್ಟು ಹೇಳುತ್ತಾರೆ. ಚಳಿಗಾಲದಲ್ಲಿ ಅದನ್ನೂ ನಿಲ್ಲಿಸಿರುವುದೇ ಜಾಸ್ತಿ. ಹಾಗಾಗಿ ನೀರು ಕಂಡಲ್ಲೆಲ್ಲ ತುಂಬಿಸಿಕೊಳ್ಳಿ, ಅರ್ಧ ಟ್ಯಾಂಕ್ ಇದ್ದರೂ ಸರಿ. ನಾಲ್ಕೈದು ದಿನಕ್ಕೊಮ್ಮೆ ವರ್ಷವಿಡೀ ತೆರೆದಿರುವ ಕ್ಯಾಂಪ್‌ಸೈಟ್ ಒಂದರಲ್ಲಿ ತಂಗಿದರೆ ಸ್ನಾನ, ಬಟ್ಟೆ ಎಲ್ಲ ಒಟ್ಟಿಗೇ ಮುಗಿಯುತ್ತದೆ.

ತುಂಬಿಸಿದ ನೀರೂ ಉಳಿಯಬೇಕಲ್ಲ! ಹಲವು ಮೋಟರ್‌ಹೋಂಗಳಲ್ಲಿ ಬಾಯ್ಲರ್‌ಗೆ ಒಂದು ವಾಲ್ವ್ ಇರುತ್ತದೆ. ಒಳಗಿನ ತಾಪಮಾನ 3 ಡಿಗ್ರಿ ಹತ್ತಿರಕ್ಕೆ ಇಳಿದರೆ ಅದು ತಾನಾಗಿ ತೆರೆದುಕೊಂಡು ನೀರನ್ನು ನೆಲಕ್ಕೆ ಸುರಿಯುತ್ತದೆ. ಬಾಯ್ಲರ್ ಒಡೆಯದಿರಲಿ ಅಂತ ಈ ಏರ್ಪಾಡು. ಸಂಜೆ ಹೀಟರ್ ಆರಿಸಿ ಊಟಕ್ಕೆ ಹೋದವರು ವಾಪಸ್ ಬಂದು ನೋಡಿದರೆ ಗಾಡಿ ಕೆಳಗೆ ಕೊಚ್ಚೆ. ಹೀಟರ್ ಸಣ್ಣಗೆ ಉರಿಯುತ್ತಲೇ ಇರಲಿ.

ಹೀಟರ್‌ಗೆ ಗ್ಯಾಸ್ ಬೇಕು. ಗಾಡಿ ಕೊಡುವವರನ್ನು ಮೊದಲು ಕೇಳಬೇಕಾದ್ದು ಇದನ್ನೇ: ಸಿಲಿಂಡರ್‌ನಲ್ಲಿರುವುದು ಬ್ಯೂಟೇನೋ ಪ್ರೊಪೇನೋ? ಸೊನ್ನೆ ಡಿಗ್ರಿ ಹತ್ತಿರ ಬ್ಯೂಟೇನ್ ಆವಿಯಾಗುವುದೇ ನಿಂತುಹೋಗುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಪ್ರೊಪೇನ್‌ಗೆ ಮೈನಸ್ 40ರವರೆಗೂ ತೊಂದರೆಯಿಲ್ಲ. (ನಮ್ಮ ಅಡುಗೆಮನೆ ಸಿಲಿಂಡರ್‌ನಲ್ಲಿ ಇರುವುದು ಇವೆರಡರ ಮಿಶ್ರಣ.) ಬೆಟ್ಟದ ಕಡೆ ಹೋಗುವುದಾದರೆ ಟೈರನ್ನೂ ಕೇಳಿ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಅಲ್ಲಿನ ಹಲವು ಊರುಗಳಲ್ಲಿ ಚಳಿಗಾಲದ ಟೈರ್ ಅಥವಾ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಚೈನ್ ಕಡ್ಡಾಯ.

ಇಷ್ಟೆಲ್ಲ ಕಷ್ಟಪಟ್ಟು ಜನವರಿಯಲ್ಲೇ ಯಾಕೆ ಹೋಗಬೇಕು? ನನ್ನ ಉತ್ತರ ಲಾಲ್ಬೆಂಕ್. ಲೋಟ್ ಪ್ರಾಂತ್ಯದ ಈ ಸಣ್ಣ ಊರಿನಲ್ಲಿ ಚಳಿಗಾಲದ ಮಂಗಳವಾರ ಮಧ್ಯಾಹ್ನ ಕಪ್ಪು ಟ್ರಫಲ್ ಸಂತೆ. ಮಣ್ಣೊಳಗೆ ಬೆಳೆಯುವ, ಬಂಗಾರದ ಬೆಲೆಯ ಅಣಬೆ ಅದು. ಬೀದಿಯುದ್ದಕ್ಕೂ ಬೆಂಚು, ಬೆಂಚಿನ ಮೇಲೆ ಪುಟ್ಟ ಬುಟ್ಟಿಗಳು, ಮಾರುವವರಿಗೂ ಕೊಳ್ಳುವವರಿಗೂ ನಡುವೆ ಒಂದು ಹಗ್ಗ. ಬೇಸಿಗೆಯಲ್ಲಿ ಹೋದರೆ ಇದು ಕಾಣುವುದಿಲ್ಲ. ಹೋಗುವುದಾದರೆ ಬೆಳಿಗ್ಗೆಯೇ ತಲುಪಿಬಿಡಿ. ಜಾಗ ಸಿಕ್ಕೇ ಸಿಗುತ್ತದೆ ಅಂದೆನಲ್ಲ, ಆ ಮಾತು ಮಂಗಳವಾರದ ಲಾಲ್ಬೆಂಕ್‌ಗೆ ಅನ್ವಯಿಸುವುದಿಲ್ಲ.