ನರಕ, ಪಾತಾಳ, ಬೆಂಕಿಯ ಕೆರೆ: ಬೈಬಲಿನಲ್ಲಿ ಇವೆಲ್ಲ ಒಂದೇನಾ?

ಓದುಗರ ಪ್ರಶ್ನೆ: ಹೊಸ ಒಡಂಬಡಿಕೆ ಓದುವಾಗ ಒಂದು ಕಡೆ ನರಕ ಅಂತ ಬರುತ್ತದೆ. ಇನ್ನೊಂದು ಕಡೆ ಪಾತಾಳ. ಕೊನೆಯ ಪುಸ್ತಕದಲ್ಲಿ ಬೆಂಕಿಯ ಕೆರೆ. ಇವು ಒಂದೇ ಜಾಗದ ಬೇರೆ ಬೇರೆ ಹೆಸರುಗಳಾ? ಕೆಟ್ಟವರು ಸತ್ತ ಕೂಡಲೇ ಅಲ್ಲಿಗೆ ಹೋಗುತ್ತಾರಾ?

ಒಂದೇ ಅಲ್ಲ. ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಈ ಮೂರಕ್ಕೂ ಬೇರೆ ಬೇರೆ ಮಾತುಗಳಿವೆ, ಒಂದೊಂದಕ್ಕೂ ಅದರದೇ ಹಿನ್ನೆಲೆ ಇದೆ. ಎಲ್ಲವನ್ನೂ ಒಟ್ಟಿಗೆ ಕಲಸಿ 'ನರಕ' ಅಂದುಬಿಟ್ಟರೆ ಮೂಲದಲ್ಲಿ ಏನು ಹೇಳಿದೆ ಅನ್ನುವುದೇ ಕೈಜಾರಿ ಹೋಗುತ್ತದೆ.

ಮೊದಲು ಗೆಹೆನ್ನ. ಕನ್ನಡದ ಹಳೆಯ ಸತ್ಯವೇದದಲ್ಲಿ ಸಾಮಾನ್ಯವಾಗಿ 'ನರಕ' ಎಂದು ಕಾಣುವುದು ಈ ಪದ. ಹೊಸ ಒಡಂಬಡಿಕೆಯಲ್ಲಿ ಇದು ಬರುವುದು 12 ಸಲ. ಅದರಲ್ಲಿ 11 ಸಲ ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲಿ ಯೇಸುವಿನ ಬಾಯಲ್ಲೇ ಬರುತ್ತದೆ. ಉಳಿದ ಒಂದು ಯಾಕೋಬನ ಪತ್ರದಲ್ಲಿದೆ. ಅಷ್ಟೊಂದು ಪತ್ರ ಬರೆದ ಪೌಲ ಈ ಪದವನ್ನು ಒಮ್ಮೆಯೂ ಬಳಸಿಲ್ಲ.

ಗೆಹೆನ್ನ ಅನ್ನುವುದು ಒಂದು ನಿಜವಾದ ಊರಿನ ನಿಜವಾದ ಕಣಿವೆ. ಹೀಬ್ರೂವಿನಲ್ಲಿ 'ಗೇ ಹಿನ್ನೋಮ್', ಅಂದರೆ ಹಿನ್ನೋಮನ ಕಣಿವೆ. ಹಳೆಯ ಜೆರುಸಲೇಮಿನ ಪಶ್ಚಿಮ ಮತ್ತು ದಕ್ಷಿಣ ಬದಿಯನ್ನು ಬಳಸಿಕೊಂಡು ಹೋಗುತ್ತದೆ. ಇವತ್ತು ಅಲ್ಲಿ ಹುಲ್ಲು, ಮರಗಳಿವೆ, ಜನ ಓಡಾಡುತ್ತಾರೆ. ಆದರೆ ಅದರ ನೆನಪು ಮಾತ್ರ ಭಯಂಕರ. ಅಲ್ಲಿನ ತೋಫೆತ್ ಎಂಬ ಜಾಗದಲ್ಲಿ ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಬಲಿ ಕೊಡುತ್ತಿದ್ದರು ಎಂದು ಪ್ರವಾದಿ ಯೆರೆಮೀಯ ಸಿಟ್ಟಿನಿಂದ ಬರೆಯುತ್ತಾನೆ. ಕ್ರಿಸ್ತಪೂರ್ವ 7ನೇ ಶತಮಾನದಲ್ಲಿ ಅರಸ ಯೋಷೀಯ ಇನ್ನು ಯಾರೂ ಅಲ್ಲಿ ಬಲಿ ಕೊಡದಂತೆ ಆ ಜಾಗವನ್ನು ಹೊಲೆಮಾಡಿಸಿದ. ಮುಂದೆ ಇದಕ್ಕೆ 'ಸಂಹಾರದ ಕಣಿವೆ' ಎಂಬ ಹೆಸರೇ ಬರುತ್ತದೆ, ಹೂಳಲು ಜಾಗ ಸಾಲದಷ್ಟು ಹೆಣಗಳು ಬೀಳುತ್ತವೆ ಎಂದು ಯೆರೆಮೀಯ ಎಚ್ಚರಿಸಿದ. ಯೇಸು ಗೆಹೆನ್ನ ಅಂದಾಗ ಕೇಳುತ್ತಿದ್ದವರ ಕಣ್ಣ ಮುಂದೆ ಬರುತ್ತಿದ್ದದ್ದು ದೇವರ ತೀರ್ಪು ಬಿದ್ದ ಈ ನೆಲ. ಮಾರ್ಕನಲ್ಲಿ ಬರುವ ಸಾಯದ ಹುಳ, ಆರದ ಬೆಂಕಿಯ ಮಾತೂ ಹೊಸದಲ್ಲ. ಅದು ಯೆಶಾಯನ ಪುಸ್ತಕದ ಕಟ್ಟಕಡೆಯ ವಚನದಿಂದ ಬಂದದ್ದು.

ಇಲ್ಲೊಂದು ವಿಷಯ ಹೇಳಲೇಬೇಕು. ಯೇಸುವಿನ ಕಾಲದಲ್ಲಿ ಈ ಕಣಿವೆ ಊರಿನ ಕಸದ ಗುಂಡಿಯಾಗಿತ್ತು, ಹಗಲೂ ರಾತ್ರಿ ಉರಿಯುತ್ತಿತ್ತು ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಈ ವಿವರಣೆ ಸ್ಪಷ್ಟವಾಗಿ ಕಾಣುವುದು ಸುಮಾರು 1200ರ ಹೊತ್ತಿಗೆ ಬರೆದ ಯೆಹೂದಿ ಪಂಡಿತ ದಾವೀದ್ ಕಿಮ್ಹಿಯ ವ್ಯಾಖ್ಯಾನದಲ್ಲಿ. ಅಂದರೆ ಯೇಸುವಿನ ಸಾವಿರಕ್ಕೂ ಜಾಸ್ತಿ ವರ್ಷಗಳ ನಂತರ. 1ನೇ ಶತಮಾನದ ಯಾವ ಬರಹವೂ ಹೀಗೆ ಹೇಳುವುದಿಲ್ಲ. ಆ ಪದಕ್ಕಿದ್ದ ತೂಕ ಕಸದಿಂದ ಬಂದದ್ದಲ್ಲ, ಆ ಮಕ್ಕಳಿಂದ ಬಂದದ್ದು. ಅದನ್ನು ಕಸದ ಕಥೆ ಮರೆಸಿಬಿಡುತ್ತದೆ ಅನ್ನುವುದೇ ನನ್ನ ಬೇಸರ.

ಇದೇ ಕಣಿವೆಯ ಏರಿನ ಮೇಲೆ, ಕೆತೆಫ್ ಹಿನ್ನೋಮ್ ಎಂಬಲ್ಲಿ, 1979ರಲ್ಲಿ ಗಾಬ್ರಿಯೆಲ್ ಬಾರ್ಕಾಯ್ ಅವರ ತಂಡ ಹಳೆಯ ಸಮಾಧಿಗಳನ್ನು ಅಗೆಯಿತು. ಅಲ್ಲಿ ಎರಡು ಪುಟ್ಟ ಬೆಳ್ಳಿ ಸುರುಳಿಗಳು ಸಿಕ್ಕವು. ಬಿಚ್ಚಿ ಓದಿದರೆ ಅರಣ್ಯಕಾಂಡದ ಆಶೀರ್ವಾದದ ಸಾಲುಗಳು, 'ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ' ಎಂಬ ಅರ್ಥದವು. ಬೈಬಲ್ ಮಾತುಗಳಿರುವ ಬರಹಗಳಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯವು ಇವೇ.

ಇನ್ನು ಪಾತಾಳ. ಗ್ರೀಕಿನಲ್ಲಿ ಹೇಡೀಸ್. ಗ್ರೀಕರಿಗೆ ಇದು ಸತ್ತವರ ಲೋಕದ ದೇವರ ಹೆಸರೂ ಹೌದು, ಆ ಲೋಕದ ಹೆಸರೂ ಹೌದು. ನಮ್ಮಲ್ಲಿ ಯಮ, ಯಮಲೋಕ ಅನ್ನುತ್ತೇವಲ್ಲ, ಅವರಿಗೆ ಎರಡಕ್ಕೂ ಒಂದೇ ಪದ ಸಾಕಾಗಿತ್ತು. ಕ್ರಿಸ್ತಪೂರ್ವ 3ನೇ ಶತಮಾನದಿಂದ ಯೆಹೂದಿಗಳು ತಮ್ಮ ಗ್ರಂಥಗಳನ್ನು ಗ್ರೀಕಿಗೆ ತಂದಾಗ ಹೀಬ್ರೂವಿನ 'ಷಿಯೋಲ್'ಗೆ ಇದೇ ಪದ ಹಾಕಿದರು. ಷಿಯೋಲ್ ಕೆಟ್ಟವರಿಗೆ ಮಾತ್ರ ಮೀಸಲಾದ ಜಾಗವಲ್ಲ. ಮಗ ಯೋಸೇಫ ಸತ್ತನೆಂದು ತಿಳಿದ ಮುದುಕ ಯಾಕೋಬ, ನಾನೂ ಅಳುತ್ತಲೇ ಮಗನಿರುವ ಷಿಯೋಲಿಗೆ ಇಳಿದು ಹೋಗುತ್ತೇನೆ ಅನ್ನುತ್ತಾನೆ. ಅಲ್ಲಿ ಶಿಕ್ಷೆಯ ಸುಳಿವೇ ಇಲ್ಲ, ಇರುವುದು ಅಪ್ಪನ ದುಃಖ.

ಹಾಗಾದರೆ ಲೂಕ 16ರಲ್ಲಿ ಯೇಸು ಹೇಳುವ ಕಥೆಯ ಐಶ್ವರ್ಯವಂತ ಹೇಡೀಸಿನಲ್ಲಿ ಬಾಯಾರಿ ಸಂಕಟಪಡುತ್ತಾನಲ್ಲ ಅಂತ ಕೇಳಬಹುದು. ಹೌದು, ಅಲ್ಲಿ ಯಾತನೆ ಇದೆ. ಆದರೆ ಅದೇ ಕಥೆಯಲ್ಲಿ ಅವನ ಐವರು ಅಣ್ಣತಮ್ಮಂದಿರು ಇನ್ನೂ ಅಪ್ಪನ ಮನೆಯಲ್ಲಿ ಬದುಕಿದ್ದಾರೆ, ಅವರನ್ನು ಎಚ್ಚರಿಸಿ ಅಂತ ಅವನು ಬೇಡಿಕೊಳ್ಳುತ್ತಾನೆ. ಲೋಕ ನಡೆಯುತ್ತಲೇ ಇದೆ. ಕಡೆಯ ತೀರ್ಪು ಇನ್ನೂ ಬಂದಿಲ್ಲ.

ಆ ತೀರ್ಪು ಬರುವುದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯದಲ್ಲಿ. ಸಮುದ್ರ ತನ್ನಲ್ಲಿದ್ದ ಸತ್ತವರನ್ನು ಒಪ್ಪಿಸುತ್ತದೆ, ಮರಣ ಮತ್ತು ಹೇಡೀಸ್ ತಮ್ಮಲ್ಲಿದ್ದವರನ್ನು ಒಪ್ಪಿಸುತ್ತವೆ, ಎಲ್ಲರಿಗೂ ತೀರ್ಪಾಗುತ್ತದೆ. ಆಮೇಲೆ ಮರಣವನ್ನೂ ಹೇಡೀಸನ್ನೂ ಬೆಂಕಿಯ ಕೆರೆಗೆ ಎಸೆಯುತ್ತಾರೆ. ಪಾತಾಳವೂ ಬೆಂಕಿಯ ಕೆರೆಯೂ ಒಂದೇ ಆಗಿದ್ದರೆ ಈ ವಾಕ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ, ಅಲ್ವಾ? ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಈ ಪುಸ್ತಕದ ಪ್ರಕಾರ ಸತ್ತವರು ಮೊದಲು ಹೇಡೀಸಿನಲ್ಲಿ ಇರುತ್ತಾರೆ, ಆಮೇಲೆ ಎದ್ದು ನಿಲ್ಲುತ್ತಾರೆ, ತೀರ್ಪಾಗುತ್ತದೆ. ಬೆಂಕಿಯ ಕೆರೆ ಅದರ ನಂತರದ್ದು. ಅದಕ್ಕೆ 'ಎರಡನೆಯ ಮರಣ' ಎಂಬ ಹೆಸರೂ ಇದೆ.

ನಾಲ್ಕನೆಯದೂ ಒಂದಿದೆ. ಪೇತ್ರನ ಎರಡನೇ ಪತ್ರದಲ್ಲಿ, ತಪ್ಪು ಮಾಡಿದ ದೂತರನ್ನು ದೇವರು 'ಟಾರ್ಟರಸ್ಸಿಗೆ ತಳ್ಳಿದ' ಎಂಬ ಕ್ರಿಯಾಪದ ಒಂದೇ ಒಂದು ಸಲ ಬರುತ್ತದೆ. ಗ್ರೀಕ್ ಪುರಾಣದಲ್ಲಿ ಟೈಟನ್ನರೆಂಬ ಹಳೆಯ ದೇವತೆಗಳನ್ನು ಕೂಡಿಹಾಕಿದ ಜಾಗ ಅದು. ಇಲ್ಲಿ ಮನುಷ್ಯರ ಮಾತೇ ಇಲ್ಲ.

ಗೆಹೆನ್ನ, ಹೇಡೀಸ್, ಟಾರ್ಟರಸ್ ಮೂರಕ್ಕೂ 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ 'ಹೆಲ್' ಎಂಬ ಒಂದೇ ಪದ ಬಳಸಿತು. ಗೊಂದಲ ಬೆಳೆದದ್ದು ಜಾಸ್ತಿ ಅಲ್ಲೇ. ಈ ವಿಷಯದಲ್ಲಿ ನರಕ, ಪಾತಾಳ ಎಂದು ಬೇರೆ ಮಾಡಿದ ಕನ್ನಡ ಅನುವಾದಕರು ಮೂಲಕ್ಕೆ ಹೆಚ್ಚು ಹತ್ತಿರ ಇದ್ದಾರೆ.

ಶಿಕ್ಷೆ ಎಷ್ಟು ಕಾಲ ಅನ್ನುವುದಕ್ಕೆ ಮತ್ತಾಯ 25ರಲ್ಲಿ 'ಐಯೋನಿಯೋಸ್' ಎಂಬ ಪದ ಇದೆ. ಯುಗ ಎಂಬರ್ಥದ 'ಐಯೋನ್'ನಿಂದ ಬಂದದ್ದು. ಒಂದೇ ವಾಕ್ಯದಲ್ಲಿ ಶಿಕ್ಷೆಗೂ ಜೀವಕ್ಕೂ ಇದೇ ವಿಶೇಷಣ ಇರುವುದರಿಂದ ಎರಡೂ ಕೊನೆಯಿಲ್ಲದವು ಎಂದು ಲ್ಯಾಟಿನ್‌ನಲ್ಲಿ ಬರೆದ ಬಿಷಪ್ ಅಗಸ್ಟೀನ್ ವಾದಿಸಿದರು. ಗ್ರೀಕನ್ನೇ ಮನೆಮಾತಾಗಿ ಆಡುತ್ತಿದ್ದ ನಿಸ್ಸಾದ ಬಿಷಪ್ ಗ್ರೆಗೊರಿ, ಕಡೆಗೆ ಎಲ್ಲರೂ ಶುದ್ಧರಾಗಿ ದೇವರ ಬಳಿಗೆ ಬರುತ್ತಾರೆ ಎಂದು ನಂಬಿದ್ದರು. ಕ್ರೈಸ್ತ ಸಭೆಯ ಬಹುಪಾಲು ಅಗಸ್ಟೀನರ ದಾರಿಯನ್ನೇ ಹಿಡಿಯಿತು. ಆದರೂ ಗ್ರೆಗೊರಿಯವರನ್ನು ಸಂತರ ಸಾಲಿನಿಂದ ಯಾರೂ ತೆಗೆದುಹಾಕಲಿಲ್ಲ.

ತೀರ್ಪಿನ ಚಿತ್ರವೂ ಆಗಿನ ಊರುಗಳಿಂದಲೇ ಬಂದದ್ದು. 'ಬೇಮ' ಅಂದರೆ ರೋಮನ್ ಅಧಿಕಾರಿ ಕೂತು ತೀರ್ಪು ಕೊಡುವ ಎತ್ತರದ ಕಟ್ಟೆ. ಕೊರಿಂಥದ ಚೌಕದಲ್ಲಿ ಅದರ ಕಲ್ಲುಗಳನ್ನು ಇವತ್ತಿಗೂ ನೋಡಬಹುದು. ಅಧಿಪತಿ ಗಲ್ಲಿಯೋನನ ಮುಂದೆ ಪೌಲನನ್ನು ಎಳೆತಂದದ್ದು ಆ ಊರಿನಲ್ಲೇ, ಸುಮಾರು ಕ್ರಿಸ್ತಶಕ 51ರಲ್ಲಿ. ಮುಂದೆ ಅದೇ ಊರಿನವರಿಗೆ, ನಾವೆಲ್ಲರೂ 'ಕ್ರಿಸ್ತನ ಬೇಮ'ದ ಮುಂದೆ ನಿಲ್ಲಬೇಕು ಎಂದು ಅವನು ಬರೆದ. ಓದಿದವರಿಗೆ ವಿವರಣೆ ಬೇಕಾಗಿರಲಿಲ್ಲ.

ಇಷ್ಟೆಲ್ಲ ಇದ್ದರೂ, ಮೊದಲ ಶತಮಾನಗಳ ಕ್ರೈಸ್ತರು ತಮ್ಮ ಸಮಾಧಿಗಳಲ್ಲಿ ನರಕದ ಬೆಂಕಿಯ ಚಿತ್ರ ಬರೆಯಲಿಲ್ಲ. ಸತ್ತವರನ್ನು ಅವರು 'ಮಲಗಿದವರು' ಅನ್ನುತ್ತಿದ್ದರು. ಹೂಳುವ ಜಾಗ 'ಕೊಯ್ಮೆಟೇರಿಯೊನ್', ಮಲಗುವ ಮನೆ. ಬೆಂಗಳೂರು, ಮೈಸೂರಿನಲ್ಲಿ ನಾವು ಸಿಮಿಟ್ರಿ ಅನ್ನುವುದು ಇದರಿಂದಲೇ ಬಂದದ್ದು. ರೋಮಿನ ನೆಲದಡಿಯ ಸಮಾಧಿಗಳ ಗೋಡೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬ, ಸಮಾಧಿಯಿಂದ ಎದ್ದು ಬರುವ ಲಾಜರ, ಮೀನಿನ ಹೊಟ್ಟೆಯಿಂದ ಪಾರಾಗಿ ಬಳ್ಳಿಯ ನೆರಳಲ್ಲಿ ಆರಾಮಾಗಿ ಮಲಗಿದ ಯೋನ.

ನಾಲಿಗೆ ಕಟ್ಟಿ ನೇತುಹಾಕುವುದು, ಒಂದೊಂದು ಪಾಪಕ್ಕೆ ಒಂದೊಂದು ಹಿಂಸೆ, ಇಂಥವು ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ. ಅವು ಬಂದದ್ದು 2ನೇ ಶತಮಾನದ 'ಪೇತ್ರನ ಪ್ರಕಟನೆ'ಯಂಥ ಬರಹಗಳಿಂದ. ಅದನ್ನು ಬರೆದದ್ದೂ ಗ್ರೀಕಿನಲ್ಲೇ. ಆ ಪುಸ್ತಕವನ್ನು ಸಭೆಯಲ್ಲಿ ಓದುವುದು ಬೇಡ ಅನ್ನುವವರು ಆಗಲೇ ಇದ್ದರು, ಕಡೆಗೆ ಅದು ಬೈಬಲಿನೊಳಗೆ ಸೇರಲೂ ಇಲ್ಲ.