ಜಾಹೀರಾತು ತಾನಾಗಿ ಬರಲ್ಲ, ನಿಮ್ಮ ಬ್ರೌಸರೇ ಕರೆಸ್ಕೊಳ್ಳತ್ತೆ

"ಒಳ್ಳೆ ಆಂಟಿವೈರಸ್ ಇದೆಯಲ್ಲ, ಇನ್ನು ಆಡ್ ಬ್ಲಾಕರ್ ಯಾಕೆ, ಜಾಹೀರಾತು ಕಂಡ್ರೆ ನೋಡದೆ ಬಿಟ್ರಾಯ್ತು" ಅನ್ನೋ ಮಾತು ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಕೇಳ್ದಾಗೆಲ್ಲ ಸಂಕಟ ಆಗತ್ತೆ, ಯಾಕಂದ್ರೆ ನೋಡದೆ ಬಿಟ್ಟ ಜಾಹೀರಾತು ಅಷ್ಟರಲ್ಲಾಗ್ಲೇ ತನ್ನ ಕೆಲಸ ಮುಗಿಸಿರತ್ತೆ.

ಕಂಪ್ಯೂಟರಲ್ಲಿ ಯಾವುದಾದ್ರೂ ನ್ಯೂಸ್ ಸೈಟ್ ತೆಗೆದು ಎಫ್ 12 ಒತ್ತಿ, ನೆಟ್‌ವರ್ಕ್ ಅನ್ನೋ ಟ್ಯಾಬ್‌ಗೆ ಹೋಗಿ ಪೇಜ್ ರೀಲೋಡ್ ಮಾಡಿ. ಸಾಲು ಸಾಲಾಗಿ ಹೆಸರುಗಳು ಸುರಿಯಕ್ಕೆ ಶುರುವಾಗತ್ತೆ. ಮೊದಲನೇ ಸಾಲು ನೀವು ಕೇಳಿದ ಪೇಜು. ಮಿಕ್ಕಿದ್ದೆಲ್ಲ ಆ ಪೇಜು ಹೇಳಿತು ಅಂತ ನಿಮ್ಮ ಬ್ರೌಸರ್ ಬೇರೆ ಬೇರೆ ಕಡೆ ಕೇಳಿದ್ದು: ಚಿತ್ರ, ಫಾಂಟು, ಸ್ಕ್ರಿಪ್ಟು, ಅದರ ಜೊತೆ ನೀವು ಜನ್ಮದಲ್ಲಿ ಹೆಸರೇ ಕೇಳಿರದ ಹತ್ತಾರು ಡೊಮೈನುಗಳು, ಅಂದ್ರೆ ಬೇರೆಯವರ ವೆಬ್ ವಿಳಾಸಗಳು.

ಪೇಜ್ ಅಂದ್ರೆ ಒಂದು ಪತ್ರ ಅನ್ಕೊಳ್ಳಿ. ಪತ್ರದೊಳಗೆ ಒಂದಷ್ಟು ಫೋನ್ ನಂಬರ್ ಬರೆದಿದಾರೆ, "ಚಿತ್ರಕ್ಕೆ ಈ ನಂಬರಿಗೆ ಮಾಡು, ಜಾಹೀರಾತಿಗೆ ಆ ನಂಬರಿಗೆ ಮಾಡು" ಅಂತ. ಬ್ರೌಸರ್ ಒಳ್ಳೆ ವಿಧೇಯ ಹುಡುಗನ ಥರ ಒಂದೊಂದಕ್ಕೂ ಫೋನ್ ಮಾಡತ್ತೆ, ಮಾಡಿದ ತಕ್ಷಣ ಆ ಕಡೆಯವರಿಗೆ ನಿಮ್ಮ ಐಪಿ ವಿಳಾಸ (ಇಂಟರ್ನೆಟ್ಟಲ್ಲಿ ನಿಮ್ಮ ಸಂಪರ್ಕದ ನಂಬರು) ಗೊತ್ತಾಯ್ತು, ಯಾವ ಬ್ರೌಸರು ಅಂತ ಗೊತ್ತಾಯ್ತು, ಬಹಳ ಸಲ ಯಾವ ಸೈಟಿಂದ ಮಾಡ್ತಿದೀರಾ ಅನ್ನೋದೂ ಗೊತ್ತಾಯ್ತು, ಹೋದ ಸಲ ನಿಮ್ಮ ಬ್ರೌಸರಿಗೆ ಅಂಟಿಸಿ ಕಳಿಸಿದ್ದ ಕುಕಿ ಅನ್ನೋ ಗುರುತಿನ ಚೀಟಿ ಇನ್ನೂ ಇದ್ರೆ "ಓ, ಅವರೇ ಇವರು" ಅಂತಾನೂ ಗೊತ್ತಾಯ್ತು. ಇಷ್ಟೆಲ್ಲ ಆದ್ಮೇಲೆ ಜಾಹೀರಾತು ನಿಮ್ಮ ಕಣ್ಣಿಗೆ ಬೀಳೋದು. ಅಂದಹಾಗೆ ಕುಕಿ ಹುಟ್ಟಿದ್ದು ಇದಕ್ಕಲ್ಲ, 1994ರಲ್ಲಿ ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಕಂಪನಿಯ ಲೂ ಮೊಂಟುಲ್ಲಿ ಅದನ್ನ ಮಾಡಿದ್ದು ಆನ್‌ಲೈನ್ ಅಂಗಡಿಗೆ ಗಿರಾಕಿ ಬುಟ್ಟಿಯಲ್ಲಿ ಏನೇನು ಹಾಕಿದ್ರು ಅನ್ನೋದು ನೆನಪಿರಲಿ ಅಂತ. ಬ್ಯಾನರ್ ಜಾಹೀರಾತು ಶುರುವಾಗಿದ್ದೂ ಅದೇ ವರ್ಷ, ಹಾಟ್‌ವೈರ್ಡ್ ಅನ್ನೋ ಸೈಟಲ್ಲಿ. ಆಮೇಲೆ ಎರಡೂ ಜೊತೆಯಾದ್ವು.

ಇನ್ನೂ ಒಂದಿದೆ. ಈಗ ಜಾಹೀರಾತಿನ ಜಾಗ ಪೇಜ್ ತೆರೆಯೋ ಕ್ಷಣದಲ್ಲೇ ಹರಾಜಾಗತ್ತೆ, ಯಾರು ಗೆದ್ರು, ಏನು ಬಂತು ಅನ್ನೋದು ಆ ಸೈಟಿನವರಿಗೂ ಮೊದಲೇ ಗೊತ್ತಿರಲ್ಲ. ಹರಾಜಲ್ಲದೆ ನೇರವಾಗಿ ಜಾಗ ಮಾರಿದ್ರೂ ಮೋಸ ಆಗಿದ್ದಿದೆ. 2009ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸೈಟಲ್ಲಿ ಮೊದಲು ಮರ್ಯಾದಸ್ತ ಕಂಪನಿಯ ಜಾಹೀರಾತಿನ ಥರ ಕಾಣ್ತಿದ್ದದ್ದು ಇದ್ದಕ್ಕಿದ್ದಂಗೆ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಅಂತ ಸುಳ್ಳು ಆಂಟಿವೈರಸ್ ಮಾರಕ್ಕೆ ನಿಂತಿತ್ತು. ಸೈಟ್ ನಂಬಿಕಸ್ತದ್ದು ಅಂದ ಮಾತ್ರಕ್ಕೆ ಅದರಲ್ಲಿರೋ ಜಾಹೀರಾತೂ ನಂಬಿಕಸ್ತ ಅಲ್ಲ. 2022ರ ಡಿಸೆಂಬರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೂಡ ಜನರಿಗೆ ಆಡ್ ಬ್ಲಾಕರ್ ಹಾಕ್ಕೊಳ್ಳಿ ಅಂತ ಹೇಳಿದ್ದು ಇಂಥ ಮೋಸದ ಜಾಹೀರಾತುಗಳಿಂದಲೇ.

ಆಡ್ ಬ್ಲಾಕರ್ ಮಾಡೋದು ಬ್ರೌಸರ್ ಮಾಡೋ ಆ ಫೋನನ್ನೇ ತಡೆಯೋ ಕೆಲಸ. ಅದರ ಕೈಯಲ್ಲಿ ಈಸಿಲಿಸ್ಟ್ ಥರದ ಪಟ್ಟಿಗಳಿರತ್ತೆ, ಒಂದೊಂದು ನಿಯಮ ಒಂದೊಂದು ಸಾಲು. ಎರಡು ಉದ್ದ ಗೆರೆ, ಒಂದು ಡೊಮೈನ್ ಹೆಸರು, ಕೊನೆಗೊಂದು ಟೋಪಿ ಚಿಹ್ನೆ, ಅಷ್ಟೆ, ಆ ಡೊಮೈನಿಗೆ ಹೋಗೋ ಕೋರಿಕೆ ಕಂಪ್ಯೂಟರ್ ಬಿಟ್ಟು ಹೊರಗೇ ಹೋಗಲ್ಲ. 2002ರಲ್ಲಿ ಡೆನ್ಮಾರ್ಕಿನ ವಿದ್ಯಾರ್ಥಿ ಹೆನ್ರಿಕ್ ಬರೆದ ಮೊದಲ ಆಡ್‌ಬ್ಲಾಕ್ ಇಳಿದು ಬಂದ ಚಿತ್ರಾನ ಬರೀ ಮರೆ ಮಾಡ್ತಿತ್ತು. ಇಳಿಯೋದನ್ನೇ ತಡೆಯೋದು ಆಮೇಲೆ ಬಂದ ಬುದ್ಧಿ, ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ದೊಡ್ಡ ಹೆಜ್ಜೆ ಅದೇ.

ಆಂಟಿವೈರಸ್ ಇದಕ್ಕೆ ಹೆಚ್ಚುಕಮ್ಮಿ ಉಲ್ಟಾ, ಅದರ ಮುಖ್ಯ ಕೆಲಸ ಒಳಗೆ ಬಂದಿದ್ದನ್ನ ತಪಾಸಣೆ ಮಾಡೋದು. ಆಂಟಿವೈರಸ್ ಕೆಲಸ ಮಾಡ್ತಿದೆಯಾ ಅಂತ ನೋಡಕ್ಕೆ ಐಕಾರ್ ಅಂತ 68 ಅಕ್ಷರದ ಒಂದು ಪರೀಕ್ಷಾ ಸಾಲಿದೆ, ಏನೂ ಅಪಾಯ ಇಲ್ಲ. ನಾನು ಅದನ್ನ ನೋಟ್‌ಪ್ಯಾಡಲ್ಲಿ ಹಾಕಿ ಸೇವ್ ಮಾಡಿದ್ದೇ ತಡ, ಆಂಟಿವೈರಸ್ ಬೊಬ್ಬೆ ಹೊಡೆದು ಫೈಲನ್ನ ಎತ್ಕೊಂಡು ಹೋಯ್ತು. ಮಧ್ಯದಲ್ಲಿ ಒಂದಕ್ಷರ ಬದಲಾಯಿಸಿ ಮತ್ತೆ ಸೇವ್ ಮಾಡಿದೆ, ಸದ್ದೇ ಇಲ್ಲ. ಠಾಣೆಯಲ್ಲಿ ಕಳ್ಳರ ಫೋಟೋ ಅಂಟಿಸಿದ ಹಾಗೆ ಇದು, ಫೋಟೋದಲ್ಲಿರೋ ಮುಖ ಬಂದ್ರೆ ಹಿಡಿತಾರೆ. ಈಗಿನವು ನಡವಳಿಕೆ ನೋಡಿನೂ ಅನುಮಾನ ಪಡ್ತವೆ, ನಿಜ.

ಆದ್ರೆ ಎಷ್ಟೇ ಜಾಣತನ ಇದ್ರೂ ಒಂದು ಮಿತಿ ದಾಟಕ್ಕಾಗಲ್ಲ ಅಂತ 1984ರಲ್ಲೇ ಫ್ರೆಡ್ ಕೋಹೆನ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ತೋರಿಸಿಬಿಟ್ರು, ಆ ವಾದ ಎಷ್ಟು ಚೆಂದ ಅಂದ್ರೆ ಹೇಳದೆ ಇರಕ್ಕಾಗಲ್ಲ. ಎಂದೂ ತಪ್ಪದ ಒಂದು ವೈರಸ್ ಪತ್ತೆಗಾರ ಇದೆ ಅನ್ಕೊಳ್ಳಿ. ನಾನೊಂದು ಪ್ರೋಗ್ರಾಂ ಬರೀತೀನಿ, ಅದು ಶುರುವಾದ ಕೂಡ್ಲೆ ಆ ಪತ್ತೆಗಾರನನ್ನೇ ಕೇಳತ್ತೆ, "ನಾನು ವೈರಸ್ಸಾ?" ಹೌದು ಅಂದ್ರೆ ಸುಮ್ನೆ ಕೂರತ್ತೆ, ಅಂದ್ರೆ ಅದು ವೈರಸ್ ಅಲ್ಲ. ಅಲ್ಲ ಅಂದ್ರೆ ಹರಡಕ್ಕೆ ಶುರು ಮಾಡತ್ತೆ, ಅಂದ್ರೆ ಅದು ವೈರಸ್ಸೇ. ಪತ್ತೆಗಾರ ಏನು ಹೇಳಿದ್ರೂ ತಪ್ಪು! ಹಾಗಾಗಿ "ನೂರಕ್ಕೆ ನೂರು ರಕ್ಷಣೆ" ಅಂತ ಯಾರಾದ್ರೂ ಮಾರಿದ್ರೆ ಗಣಿತಾನೇ ಅದನ್ನ ಒಪ್ಪಲ್ಲ.

ಒಂದರ ಬದಲು ಎರಡು ಆಂಟಿವೈರಸ್ ಹಾಕಿದ್ರೂ ಈ ಮಿತಿ ಹೋಗಲ್ಲ, ಪ್ರತಿ ಫೈಲ್ ತೆರೆಯೋವಾಗ ಎರಡೂ ಅಡ್ಡ ನಿಂತು ಮಷೀನ್ ನಿಧಾನ ಆಗತ್ತೆ. ವಿಂಡೋಸಲ್ಲಿ ಡಿಫೆಂಡರ್ ಅನ್ನೋ ಆಂಟಿವೈರಸ್ ಜೊತೆಗೇ ಬರತ್ತೆ, ಅಪ್‌ಡೇಟ್ ತಪ್ಪಿಸದಿದ್ರೆ ಮನೆ ಬಳಕೆಗೆ ಬಹುಪಾಲು ಜನರಿಗೆ ಅದು ಸಾಕು ಅನ್ನೋದು ನನ್ನ ಅಭಿಪ್ರಾಯ. ಬ್ರೌಸರಿನ ಇನ್‌ಕಾಗ್ನಿಟೋ (ಖಾಸಗಿ ಕಿಟಕಿ) ಬಗ್ಗೆ ಒಂದೇ ಮಾತು, ಅದು ಹಿಸ್ಟರಿ ಅಳಿಸೋದು ನಿಮ್ಮ ಮಷೀನಲ್ಲಿ ಮಾತ್ರ, ನಿಮ್ಮ ಐಪಿ ವಿಳಾಸ ಹಾಗೇ ಕಾಣ್ತಿರತ್ತೆ.

ಬ್ರೌಸರ್ ಯಾವುದಾದ್ರೇನು ಅಂತೀರಾ? ಈಗ ವ್ಯತ್ಯಾಸ ಇದೆ. ಕ್ರೋಮ್ ಮ್ಯಾನಿಫೆಸ್ಟ್ ವಿ3 ಅನ್ನೋ ಹೊಸ ನಿಯಮ ತಂದ್ಮೇಲೆ ಎಕ್ಸ್‌ಟೆನ್ಶನ್ (ಆಡ್ ಬ್ಲಾಕರ್ ಥರ ಬ್ರೌಸರಿಗೆ ಸೇರಿಸ್ಕೊಳ್ಳೋ ಪುಟ್ಟ ಪ್ರೋಗ್ರಾಂ) ತಾನೇ ಪ್ರತಿ ಕೋರಿಕೆ ನೋಡಿ ತಡೆಯೋ ಹಾಗಿಲ್ಲ, ನಿಯಮದ ಪಟ್ಟಿನ ಮೊದಲೇ ಬ್ರೌಸರಿಗೆ ಒಪ್ಪಿಸಬೇಕು. ಹಾಗಾಗಿ ಯುಬ್ಲಾಕ್ ಒರಿಜಿನ್ ಅನ್ನೋ ಆಡ್ ಬ್ಲಾಕರ್ ಅಲ್ಲಿಂದ ಹೊರಬಿತ್ತು, ಅದರ ಲೈಟ್ ಆವೃತ್ತಿ ಉಳ್ಕೊಂಡಿದೆ. ಫೈರ್‌ಫಾಕ್ಸಲ್ಲಿ ಪೂರ್ತಿದು ಇನ್ನೂ ನಡೆಯತ್ತೆ, ನಾನು ಅಲ್ಲೇ ಇರೋದು. ಜಾಹೀರಾತಿನ ದುಡ್ಡಲ್ಲೇ ಬದುಕೋ ಸಣ್ಣ ಸೈಟುಗಳ ಕಷ್ಟ ನಂಗೆ ಅರ್ಥ ಆಗತ್ತೆ, ನನಗೆ ಬೇಕಾದ ಕೆಲವಕ್ಕೆ ನಾನೇ ಬ್ಲಾಕರ್ ಆಫ್ ಮಾಡಿಟ್ಟಿದೀನಿ.

ಬ್ಲಾಕರ್ ಹಾಕಿದ್ಮೇಲೆ ಅದೇ ಪೇಜಲ್ಲಿ ಇನ್ನೊಂದ್ಸಲ ಎಫ್ 12 ಒತ್ತಿ ನೋಡಿ. ತಡೆದ ಸಾಲುಗಳ ಮುಂದೆ ಬ್ಲಾಕ್ಡ್ ಅಂತ ಬಂದಿರತ್ತೆ, ಎಷ್ಟು ಡೇಟಾ ಬಂತು ಅನ್ನೋ ಕಡೆ ಏನೂ ಇರಲ್ಲ.