ಎಂಬತ್ತು ಸಾವಿರ ಪುಸ್ತಕ ಬೆಟ್ಟ ಇಳಿದ ಬಗೆ

ಒಂದು ಪುಸ್ತಕಕ್ಕೆ ಸರಾಸರಿ ಒಂದು ಕಿಲೋ ಅಂತ ಇಟ್ಟುಕೊಳ್ಳಿ. 80,000 ಪುಸ್ತಕಕ್ಕೆ 80 ಟನ್. ಮೂರು ಟನ್ ಹೊರುವ ಲಾರಿ 27 ಸಲ ಓಡಿದರೆ ಕೆಲಸ ಮುಗಿಯಬೇಕು. ಆದರೆ ಎರಡನೇ ಮಹಾಯುದ್ಧದ ನಡುವೆ, 1943ರ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗೆ ಇಟಲಿಯ ಮಾಂಟೆ ಕ್ಯಾಸಿನೊ ಮಠದಿಂದ ಹೊರಟ ಲಾರಿಗಳು ನೂರಕ್ಕೂ ಹೆಚ್ಚು. ತೂಕದ ಮಿತಿ ಮುಟ್ಟುವ ಮೊದಲೇ ಲಾರಿಯಲ್ಲಿ ಜಾಗ ತುಂಬಿಬಿಡುತ್ತದೆ. ಚಿತ್ರಪಟ ಹಗುರ, ಅದರ ಪೆಟ್ಟಿಗೆ ದೊಡ್ಡದು. ಜೊತೆಗೆ ಸನ್ಯಾಸಿಗಳು, ಸನ್ಯಾಸಿನಿಯರು, ಬೆಟ್ಟಕ್ಕೆ ಓಡಿಬಂದಿದ್ದ ನಿರಾಶ್ರಿತರೂ ಅದೇ ಲಾರಿಗಳಲ್ಲಿ ಇಳಿಯಬೇಕಿತ್ತು.

ರೋಮ್‌ನಿಂದ ಸುಮಾರು 130 ಕಿಲೋಮೀಟರ್ ಆಗ್ನೇಯಕ್ಕೆ, 500 ಮೀಟರ್‌ಗೂ ಎತ್ತರದ ಬೆಟ್ಟದ ನೆತ್ತಿಯ ಮೇಲಿದೆ ಈ ಮಠ. ಸಂತ ಬೆನೆಡಿಕ್ಟ್ ಸುಮಾರು 529ರಲ್ಲಿ ಕಟ್ಟಿದ್ದು. ಅಲ್ಲಿನ ಪತ್ರಾಗಾರದಲ್ಲಿ 960ರ ಒಂದು ಜಮೀನು ವ್ಯಾಜ್ಯದ ತೀರ್ಪಿದೆ. ಸಾಕ್ಷಿ ಹೇಳಿದವನ ಮಾತನ್ನು ಲ್ಯಾಟಿನ್‌ಗೆ ತಿರುಗಿಸದೆ, ಅವನು ಆಡಿದ ಆಡುನುಡಿಯಲ್ಲೇ ಬರೆದಿಟ್ಟದ್ದರಿಂದ ಇಟಾಲಿಯನ್ ಭಾಷೆಯ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದೆಂದು ಹೆಸರಾಯಿತು. ಬಾಂಬಿಗೆ ಹೆದರಿ ನೇಪಲ್ಸ್‌ನ ಮ್ಯೂಸಿಯಂ ತನ್ನ ಚಿತ್ರಗಳನ್ನು ಇಲ್ಲಿಗೇ ಕಳಿಸಿತ್ತು. ಬೆಟ್ಟದ ಮೇಲಿನ ಮಠ ಸುರಕ್ಷಿತ ಅನ್ನುವುದು ಎಲ್ಲರ ಎಣಿಕೆ. ರೋಮ್‌ಗೆ ಹೋಗುವ ಹೆದ್ದಾರಿ ಅದೇ ಬೆಟ್ಟದ ಬುಡದಲ್ಲಿ ಹಾದುಹೋಗುತ್ತದೆ, ಜರ್ಮನ್ನರು ತಮ್ಮ ಗುಸ್ತಾವ್ ರಕ್ಷಣಾ ರೇಖೆಯನ್ನು ಅಲ್ಲೇ ಎಳೆಯುತ್ತಾರೆ ಅನ್ನುವುದು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ.

ಅಪಾಯವನ್ನು ಗ್ರಹಿಸಿದವರು ಜರ್ಮನ್ ಪಡೆಯಾದ ಹರ್ಮನ್ ಗೋರಿಂಗ್ ಡಿವಿಷನ್ನಿನ ಇಬ್ಬರು. ಒಬ್ಬ ವಿಯೆನ್ನಾದ ಲೆಫ್ಟಿನೆಂಟ್ ಕರ್ನಲ್ ಯೂಲಿಯಸ್ ಶ್ಲೇಗೆಲ್, ವಾಹನಗಳ ದುರಸ್ತಿ ವಿಭಾಗದ ಮುಖ್ಯಸ್ಥ. ಇನ್ನೊಬ್ಬ ಸೇನಾ ವೈದ್ಯ ಕ್ಯಾಪ್ಟನ್ ಮ್ಯಾಕ್ಸಿಮಿಲಿಯನ್ ಬೆಕರ್. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಇಬ್ಬರೂ ಬೆಟ್ಟ ಹತ್ತಿದ್ದರು. ಎಂಬತ್ತರ ಅಂಚಿನಲ್ಲಿದ್ದ ಮಠಾಧೀಶ ಗ್ರೆಗೋರಿಯೊ ದಿಯಾಮಾರೆ ಮೊದಲು ನಂಬಲಿಲ್ಲ. ಸಮವಸ್ತ್ರ ತೊಟ್ಟು ಬಂದವನು ಪುಸ್ತಕ ಕೊಡಿ ಎಂದರೆ ಯಾರು ತಾನೇ ನಂಬುತ್ತಾರೆ!

ಒಪ್ಪಿಗೆ ಸಿಕ್ಕ ಮೇಲೆ ಮೊದಲ ಕೆಲಸ ಪೆಟ್ಟಿಗೆ. ಹತ್ತಿರದ ಕಾರ್ಖಾನೆಯೊಂದರಿಂದ ಹಲಗೆ ತಂದು, ಮಠದೊಳಗೇ ಬಡಗಿ ಕೆಲಸ ಶುರುವಾಯಿತು. ನಿರಾಶ್ರಿತರು ಊಟಕ್ಕೆ ಮತ್ತು ಸಿಗರೇಟಿಗೆ ದುಡಿದರು. ಪೆಟ್ಟಿಗೆ ದೊಡ್ಡದಾದಷ್ಟೂ ಒಳ್ಳೆಯದು ಅಂತ ಹೊಸಬರಿಗೆ ಅನ್ನಿಸುತ್ತದೆ, ಪುಸ್ತಕದ ವಿಷಯದಲ್ಲಿ ಅದು ತಪ್ಪು. 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ ಪೆಟ್ಟಿಗೆಗೆ ಕಾಗದ ಒತ್ತಿ ತುಂಬಿದರೆ ಸುಮಾರು 65 ಕಿಲೋ, ಇಬ್ಬರು ಎತ್ತುವಷ್ಟು. ಅಳತೆಯನ್ನು ಎಲ್ಲ ಕಡೆಗೂ ದುಪ್ಪಟ್ಟು ಮಾಡಿದರೆ ತೂಕ ಎಂಟು ಪಟ್ಟಾಗಿ ಅರ್ಧ ಟನ್ ದಾಟುತ್ತದೆ. ಹೊತ್ತವರ ಕೈ ಜಾರುತ್ತದೆ, ತಳ ಕಿತ್ತುಬರುತ್ತದೆ. ಹಸಿ ಹಲಗೆಯೂ ಕೂಡದು. ಮರದ ತೇವ ಮುಚ್ಚಿದ ಪೆಟ್ಟಿಗೆಯೊಳಗೇ ಬಿಡುಗಡೆಯಾಗಿ, ಸಾಪೇಕ್ಷ ಆರ್ದ್ರತೆ ಶೇ 65 ದಾಟಿತೆಂದರೆ ಬೂಷ್ಟು ಹಿಡಿಯುತ್ತದೆ. ತುಂಬಿದ ಪೆಟ್ಟಿಗೆಯ ಮುಚ್ಚಳಕ್ಕೆ ಸುತ್ತಿಗೆಯಿಂದ ಮೊಳೆ ಹೊಡೆಯುವುದಕ್ಕಿಂತ ಸ್ಕ್ರೂ ವಾಸಿ. ಪ್ರತಿ ಏಟಿಗೂ ಒಳಗಿನ ಹಳೆಯ ಬಣ್ಣ ಚಕ್ಕೆಯೇಳುತ್ತದೆ.

ಮಠದ ಹಸ್ತಪ್ರತಿಗಳು ಸಾವಿರಕ್ಕೂ ಹೆಚ್ಚು, ಹೆಚ್ಚಿನವು ಚರ್ಮದ ಹಾಳೆಯವು. ಕುರಿ, ಆಡು, ಕರುವಿನ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕೆರೆದು, ಚೌಕಟ್ಟಿಗೆ ಬಿಗಿದು ಎಳೆದು ಒಣಗಿಸಿದರೆ ಈ ಹಾಳೆ ಸಿಗುತ್ತದೆ. ಚಪ್ಪಲಿಯ ಚರ್ಮದಂತೆ ಇದನ್ನು ಹದ ಮಾಡಿರುವುದಿಲ್ಲ. ಹಾಗಾಗಿ ತೇವ ಕುಡಿದ ಕೂಡಲೇ ಎಳೆತ ಸಡಿಲಿ ಮತ್ತೆ ತೊಗಲಿನ ಆಕಾರಕ್ಕೆ ಮರಳಲು ನೋಡುತ್ತದೆ. ಹಾಳೆ ಅಲೆಯಲೆಯಾಗಿ ಉಬ್ಬಿ ಪುಸ್ತಕ ಬಾಯಿ ಬಿಡುತ್ತದೆ. ಮಧ್ಯಯುಗದ ಪುಸ್ತಕಗಳಿಗೆ ಮರದ ರಟ್ಟು, ಹಿತ್ತಾಳೆಯ ಕೊಂಡಿ ಇರುವುದು ಚಂದಕ್ಕಲ್ಲ, ಹಾಳೆಗಳನ್ನು ಅದುಮಿ ಹಿಡಿಯಲು. ಪೆಟ್ಟಿಗೆಗೆ ಇಡುವಾಗ ಕೊಂಡಿ ಹಾಕಿಯೇ ಇಡಬೇಕು. ತೀರಾ ಒಣಗಿದರೂ ಕಷ್ಟವೇ: ಶಾಯಿ ಚರ್ಮದೊಳಕ್ಕೆ ಇಳಿದಿರುವುದು ಕಡಿಮೆ, ಮೇಲೆಯೇ ಕೂತಿರುತ್ತದೆ, ಹಾಳೆ ಬಾಗಿದಾಗ ಪುಡಿಯಾಗಿ ಉದುರುತ್ತದೆ.

ಕ್ಯಾನ್ವಾಸ್ ಚಿತ್ರಗಳನ್ನು ಲಾರಿಯಲ್ಲಿ ಮಲಗಿಸಬಾರದು, ನಿಲ್ಲಿಸಬೇಕು. ಅದೂ ಲಾರಿ ಓಡುವ ದಿಕ್ಕಿಗೆ ಸಮಾನಾಂತರವಾಗಿ. ಅಡ್ಡ ನಿಲ್ಲಿಸಿದರೆ ಬ್ರೇಕ್ ಹಾಕಿದಾಗಲೆಲ್ಲ ಬಟ್ಟೆ ತಮಟೆಯ ಚರ್ಮದಂತೆ ಹಿಂದೆ ಮುಂದೆ ಮಿಡಿಯುತ್ತದೆ. ಬೆಟ್ಟದ ತಿರುವು ದಾರಿಯಲ್ಲಿ ಬ್ರೇಕಿಗೆ ಬಿಡುವಿರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ವಸ್ತು ಉಳಿಯುವುದು, ನನ್ನ ಪ್ರಕಾರ, ಅದರ ಜೊತೆ ಯಾರು ಹೋಗುತ್ತಾರೆ ಎಂಬುದರ ಮೇಲೆ. ಇಟಲಿಯ ಏಕೀಕರಣದ ಬಳಿಕ ಸರ್ಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡಿತ್ತು. ಆದ್ದರಿಂದ ಒಂದೇ ಸೂರಿನಡಿ ಇದ್ದರೂ ಕೆಲವು ಮಠದ್ದು, ಕೆಲವು ಸರ್ಕಾರದ್ದು. ಮಠದ ಪೆಟ್ಟಿಗೆಗಳು ಸನ್ಯಾಸಿಗಳ ಜೊತೆ ರೋಮ್‌ಗೆ ಹೋದವು. ಸರ್ಕಾರದ ಪೆಟ್ಟಿಗೆಗಳು ಉತ್ತರಕ್ಕೆ, ಸ್ಪೊಲೆಟೊ ಊರಿನ ಬಳಿಯಿದ್ದ ಡಿವಿಷನ್ನಿನ ಉಗ್ರಾಣಕ್ಕೆ. ಮಿತ್ರಪಕ್ಷದ ರೇಡಿಯೊ ಇದನ್ನು ಲೂಟಿ ಎಂದು ಸಾರಿತು. ಕೊನೆಗೆ 1943ರ ಡಿಸೆಂಬರ್ 8ರಂದು ರೋಮ್‌ನ ಸಂತ್ ಆಂಜೆಲೊ ಕೋಟೆಯ ಮುಂದೆ, ಕ್ಯಾಮೆರಾಗಳ ಎದುರು, ಜರ್ಮನ್ನರಿಂದ ಪೆಟ್ಟಿಗೆಗಳ ಒಂದು ಹಸ್ತಾಂತರ ನಡೆಯಿತು. 1944ರ ಜನವರಿಯಲ್ಲಿ ಸ್ಪೊಲೆಟೊದ ಸರಕೂ ಬಂತು. ಎಣಿಸಿ ನೋಡಿದರೆ ನೇಪಲ್ಸ್‌ನ 15 ಪೆಟ್ಟಿಗೆ ಕಡಿಮೆ. ಅವು ಹಿಟ್ಲರನ ವಾಯುಸೇನೆಯ ಮುಖ್ಯಸ್ಥ ಗೋರಿಂಗ್‌ನ ಹುಟ್ಟುಹಬ್ಬದ ಕಾಣಿಕೆಯೆಂದು ಬರ್ಲಿನ್ ಕಡೆ ಹೋಗಿದ್ದವು. ಇಟಲಿಯ ಹೆಸರಾಂತ ಚಿತ್ರಕಾರ ಟಿಷಿಯನ್ ಬರೆದ ‘ಡಾನಾಯಿ’ ಚಿತ್ರ ಅದರಲ್ಲೊಂದು. ಯುದ್ಧದ ಕೊನೆಗೆ ಅದು ಸಿಕ್ಕಿದ್ದು ಆಸ್ಟ್ರಿಯಾದ ಆಲ್ಟೌಸೆ ಉಪ್ಪಿನ ಗಣಿಯಲ್ಲಿ.

1944ರ ಫೆಬ್ರುವರಿ 15ರಂದು ಮಿತ್ರಪಕ್ಷದ ಇನ್ನೂರಕ್ಕೂ ಹೆಚ್ಚು ಬಾಂಬರ್‌ಗಳು ಮಠವನ್ನು ನೆಲಸಮ ಮಾಡಿದವು. ಬಾಂಬ್ ಹಾಕಿ ಎಂದು ಕೇಳಿದ್ದು ಬೆಟ್ಟದ ಎದುರು ನಿಂತಿದ್ದ ನಮ್ಮ 4ನೇ ಇಂಡಿಯನ್ ಡಿವಿಷನ್ನಿನ ಕಮಾಂಡರ್ ಫ್ರಾನ್ಸಿಸ್ ಟಕರ್. ಅಲ್ಲಿ ಆಶ್ರಯ ಪಡೆದಿದ್ದ ನಾಗರಿಕರು ನೂರಾರು ಸಂಖ್ಯೆಯಲ್ಲಿ ಸತ್ತರು. ಬಿಚ್ಚಲಾಗದ್ದರಲ್ಲಿ ಬಹುಪಾಲು ಉಳಿಯಲಿಲ್ಲ: ಚರ್ಚಿನ ಮೇಲೆ ಲೂಕಾ ಜೊರ್ದಾನೊ ಬರೆದಿದ್ದ ಭಿತ್ತಿಚಿತ್ರಗಳು ಗಾರೆಯ ಪುಡಿಯಾದವು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಎರಕ ಹೊಯ್ದು ತಂದಿದ್ದ 11ನೇ ಶತಮಾನದ ಕಂಚಿನ ಬಾಗಿಲು ಜಖಂಗೊಂಡರೂ ಅವಶೇಷದಲ್ಲಿ ಸಿಕ್ಕಿತು.

ಇನ್ನೆರಡು ಪೆಟ್ಟಿಗೆಗಳ ಕಥೆ ಬೇರೆ. ರೋಮ್‌ನ ಕೀಟ್ಸ್-ಶೆಲ್ಲಿ ಸ್ಮಾರಕ ಭವನ ತನ್ನ ಅಮೂಲ್ಯ ವಸ್ತುಗಳನ್ನು 1942ರ ಕೊನೆಗೆ ಮಠಕ್ಕೆ ಕಳಿಸಿತ್ತು. ಜರ್ಮನ್ನರ ಕಣ್ಣಿಗೆ ಅದು ಶತ್ರು ದೇಶ ಇಂಗ್ಲೆಂಡಿನ ಕವಿಗಳ ಆಸ್ತಿ. ಪತ್ರಾಗಾರದ ಸನ್ಯಾಸಿ, ಮಾಲ್ಟಾ ಮೂಲದ ಮೌರೊ ಇಂಗ್ವಾನೆಸ್, ಉಳಿದ ಪೆಟ್ಟಿಗೆಗಳಿಗೆಲ್ಲ ಹೆಸರು ಬರೆಯುತ್ತಿರುವಾಗ ಈ ಎರಡನ್ನು ಮಾತ್ರ ತನ್ನ ಸ್ವಂತ ಸಾಮಾನಿನ ಜೊತೆ ಸೇರಿಸಿ, ಯಾವ ಗುರುತೂ ಇಲ್ಲದೆ ಲಾರಿ ಹತ್ತಿಸಿದ. ಅವು ರೋಮ್ ಸೇರಿದವು.